ಅಪ್ಪನ ಸೀಲು, ನನ್ನ ಬಾಕಿ

ವಯಸ್ಸಾಗುತ್ತಾ ಹೋದಂತೆ ಹೆದರಿಕೆ ಕಡಿಮೆಯಾಗುತ್ತದೆ ಎನ್ನುವವರನ್ನು ನಾನು ನಂಬುವುದಿಲ್ಲ. ಅದು ಜಾಗ ಬದಲಾಯಿಸುತ್ತದೆ, ಅಷ್ಟೇ. ಚಿಕ್ಕವನಿದ್ದಾಗ ಹಿತ್ತಿಲ ನುಗ್ಗೆಮರಕ್ಕೆ ಹೆದರುತ್ತಿದ್ದೆ. ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರಿಗೆ. ಮದುವೆಯಾದ ಹೊಸದರಲ್ಲಿ ಮಾವನವರ ಕೆಮ್ಮಿಗೆ. ಐವತ್ತಾರನೆಯ ವಯಸ್ಸಿನಲ್ಲಿ ಒಂದು ಬಿಳಿ ಲಕೋಟೆಗೆ. ತಿಂಗಳಿಗೊಮ್ಮೆ ಬರುತ್ತಿದ್ದ ಆ ಲಕೋಟೆಗೆ ಪಾರದರ್ಶಕ ಕಾಗದದ ಒಂದು ಕಿಟಕಿ ಇರುತ್ತಿತ್ತು. ಆ ಕಿಟಕಿಯೊಳಗೆ ನನ್ನ ಹೆಸರು ನಿಂತು ನನ್ನನ್ನೇ ನೋಡುತ್ತಿತ್ತು. ನನ್ನ ಹೆಸರು ಒಳಗಿದೆ, ನಾನು ಹೊರಗಿದ್ದೇನೆ ಎನ್ನುವ ಸಂಗತಿಯೇ ಸಾಕು, ಬೆನ್ನಹುರಿಯಲ್ಲಿ ತಣ್ಣಗಿನ ನೀರು ಇಳಿದಂತಾಗುತ್ತಿತ್ತು. ಒಡೆದರೆ ಏನಿರುತ್ತದೆಂದು ಗೊತ್ತಿತ್ತು. ಕ್ರೆಡಿಟ್ ಕಾರ್ಡಿನ ಬಿಲ್ಲು.

ನನ್ನ ಕಸುಬು ರಬ್ಬರ್ ಸ್ಟಾಂಪ್ ಮಾಡುವುದು. ಮೈಸೂರಿನಲ್ಲಿ ಕೋರ್ಟಿನ ಹಿಂದಿನ ಒಂದು ಅಡ್ಡರಸ್ತೆಯಲ್ಲಿ ಒಂದೇ ಬಾಗಿಲಿನ ಅಂಗಡಿ. ಅಪ್ಪ ತೆರೆದದ್ದು. ಹೆಡ್‌ಮಾಸ್ತರರು, ನೋಟರಿಗಳು, ಸೊಸೈಟಿಯ ಕಾರ್ಯದರ್ಶಿಗಳು, ತಮ್ಮ ಹೆಸರಿನ ಕೆಳಗೆ ಎರಡು ಸಾಲು ಹುದ್ದೆ ಇದ್ದವರೆಲ್ಲ ಒಂದು ಕಾಲದಲ್ಲಿ ನಮ್ಮ ಮೆಟ್ಟಿಲು ಹತ್ತಿದವರೇ. ಈಗ ಅರ್ಜಿಗಳೆಲ್ಲ ಕಂಪ್ಯೂಟರಿನೊಳಗೆ ಹೋಗಿ ಕೂತಿವೆ, ಅಲ್ಲಿಗೆ ಸೀಲು ಒತ್ತಲು ಯಾರಿಂದಲೂ ಆಗುವುದಿಲ್ಲ. ದಿನಕ್ಕೆ ಇಬ್ಬರು ಗಿರಾಕಿ ಬಂದರೆ ಅದು ಹಬ್ಬ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಆ ರಸ್ತೆಯಲ್ಲಿ ನಾಯಿಯೂ ಓಡಾಡುವುದಿಲ್ಲ. ಮೆಟ್ಟಿಲ ಮೇಲೆ ನಿಂತರೆ ದೂರದಲ್ಲಿ ಚಾಮುಂಡಿ ಬೆಟ್ಟ ಕಾಣುತ್ತದೆ. ಒಳಗೆ ತಿರುಗಿದರೆ ಅಪ್ಪನ ಮರದ ಕುರ್ಚಿ. ಅಪ್ಪ ಹೋಗಿ ಮೂರು ವರ್ಷವಾಯಿತು. ಆ ಕುರ್ಚಿಯಲ್ಲಿ ನಾನೇ ಕೂರುತ್ತೇನಾದರೂ, ಏಳುವಾಗ ಪ್ರತಿ ಸಲವೂ ಅದು ನಾನು ಎದ್ದ ಮೇಲೆ ಒಂದು ಗಳಿಗೆ ಬಿಟ್ಟು ಕಿರುಗುಟ್ಟುತ್ತದೆ. ನನ್ನ ಜೊತೆ ಇನ್ನೊಬ್ಬರು ನಿಧಾನವಾಗಿ ಏಳುತ್ತಿರುವಂತೆ.

ಅಪ್ಪ ನನಗೆ ಬಿಟ್ಟುಹೋದದ್ದು ಅಂಗಡಿ, ಕುರ್ಚಿ ಮತ್ತು ಒಂದು ಸೀಲು. ಅವರು ಕಸುಬು ಕಲಿತಾಗ ಕೈಯಲ್ಲೇ ಕೊರೆದ ಮೊದಲ ಸೀಲಂತೆ ಅದು. ‘ಪಾವತಿಯಾಗಿದೆ’ ಎಂದಿದೆ, ಮೊದಲ ಅಕ್ಷರದ ಮೂಲೆಯಲ್ಲಿ ಒಂದು ಸಣ್ಣ ಚೂರು ಹಾರಿಹೋಗಿದೆ. ಚಾಮುಂಡೇಶ್ವರಿಯ ಫೋಟೋದ ಪಕ್ಕ ಗೋಡೆಯ ಗೂಡಿನಲ್ಲಿ ಅದನ್ನು ಇಟ್ಟಿದ್ದೇನೆ. ಅಮಾವಾಸ್ಯೆಗೆ ಅಂಗಡಿಯ ಪೂಜೆ ಮಾಡುವಾಗ ಕೆಳಗಿಳಿಸಿ, ತೊಳೆದು, ಒರೆಸಿ, ಕುಂಕುಮವಿಟ್ಟು ಮತ್ತೆ ಗೂಡು ಸೇರಿಸುವುದು ಪದ್ಧತಿ. ಅಪ್ಪನಿಗೆ ಇಂಥ ಪದ್ಧತಿಗಳು ಬಹಳ. ನೀರು ಮುಟ್ಟಿಸಿದ ಸೀಲನ್ನು ಒಮ್ಮೆ ಒತ್ತಿ ನೋಡದೆ ಎತ್ತಿಡಬಾರದು, ಗಿರಾಕಿಗೆ ಕೊಡುವ ಸೀಲನ್ನು ಅವನ ಕಣ್ಣೆದುರೇ ಒತ್ತಬೇಕು, ಒತ್ತುವಾಗ ಉಸಿರು ಬಿಡಬಾರದು. ಮೂವತ್ತು ವರ್ಷದಲ್ಲಿ ಇವೆಲ್ಲ ನನ್ನ ತಲೆಯಿಂದ ಇಳಿದು ಕೈಗೆ ಸೇರಿಕೊಂಡಿವೆ. ಬಾಯಿ ರಾಜಕೀಯ ಮಾತಾಡುತ್ತಿರುತ್ತದೆ, ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿರುತ್ತದೆ. ಬೀಗ ಹಾಕಿ ಬಸ್‌ಸ್ಟಾಪಿನವರೆಗೂ ಹೋಗಿ, ಹಾಕಿದೆನೋ ಇಲ್ಲವೋ ಎಂದು ವಾಪಸು ಬಂದು ನೋಡುವ ಜಾತಿಯವನು ನಾನು. ಪ್ರತಿ ಸಲವೂ ಬೀಗ ಬಿದ್ದಿರುತ್ತದೆ.

ಕಾರ್ಡು ನನ್ನ ಬದುಕಿಗೆ ಬಂದದ್ದು ಒಂದು ಯಂತ್ರದ ಮೂಲಕ. ಕಾಲಕ್ಕೆ ತಕ್ಕಂತೆ ಬದಲಾಗಬೇಕೆಂದು ಹೊಸ ನಮೂನೆಯ ಸ್ಟಾಂಪ್ ಯಂತ್ರವೊಂದನ್ನು ಕಾರ್ಡು ಉಜ್ಜಿ ಕೊಂಡೆ. ಕಾಲ ಬದಲಾಯಿತು, ಯಂತ್ರ ಮೂಲೆಯಲ್ಲಿ ಉಳಿಯಿತು. ಆಮೇಲೆ ದಿನಸಿ, ಔಷಧಿ, ಮಿಕ್ಸಿ ರಿಪೇರಿ ಎಲ್ಲವೂ ಕಾರ್ಡಿಗೇ ಹೋಗತೊಡಗಿದವು. ಬಿಲ್ಲಿನಲ್ಲಿ ಎರಡು ಮೊತ್ತ ಇರುತ್ತವೆ. ಒಂದು ದೊಡ್ಡದು, ನೋಡಿದರೆ ಎದೆ ಹಿಡಿಯುವಂಥದು. ಇನ್ನೊಂದು ಚಿಕ್ಕದು, ‘ಕನಿಷ್ಠ ಪಾವತಿ’ ಎಂದು. ಇದನ್ನು ಯಾರೋ ನನ್ನ ಮೇಲೆ ಕನಿಕರಪಟ್ಟು ಬರೆದಿದ್ದಾರೆಂದು ನಾನು ನಂಬಿದ್ದೆ. ತಿಂಗಳು ತಿಂಗಳು ಆ ಚಿಕ್ಕದನ್ನು ಕಟ್ಟಿ, ಎಂಥ ಒಳ್ಳೆಯ ಜನ ಎಂದುಕೊಳ್ಳುತ್ತಿದ್ದೆ.

ನನ್ನ ಅಜ್ಞಾನ ಕಳೆದವರು ಶೇಷಾದ್ರಿಗಳು. ಬ್ಯಾಂಕಿನಿಂದ ನಿವೃತ್ತರಾದವರು, ದಿನಾ ಬೆಳಿಗ್ಗೆ ನಮ್ಮ ಅಂಗಡಿಗೆ ಬಂದು ನಮ್ಮ ಪೇಪರನ್ನು ಓದಿ, ಅದು ಚೆನ್ನಾಗಿಲ್ಲವೆಂದು ಹೇಳಿ ಹೋಗುವವರು. ಒಂದು ದಿನ ನನ್ನ ಬಿಲ್ಲು ನೋಡಿ ಕನ್ನಡಕ ತೆಗೆದರು. ಡಾಕ್ಟರುಗಳು ಹಾಗೆ ಕನ್ನಡಕ ತೆಗೆದರೆ ಮನೆಯವರನ್ನು ಹೊರಗೆ ಕಳಿಸುತ್ತಾರೆ.

“ಪೂರ್ತಿ ಕಟ್ಟಿದ್ರೆ ಒಂದು ಪೈಸೆ ಬಡ್ಡಿ ಇಲ್ಲ ಕಣ್ರೀ. ಸ್ವಲ್ಪ ಉಳಿಸಿದ್ರೋ, ನೀವು ಸಾಮಾನು ತಗೊಂಡ ದಿನದಿಂದ ಲೆಕ್ಕ ಹಾಕ್ತಾರೆ. ಆಮೇಲೆ ಹೊಸದಾಗಿ ಒಂದು ಸೋಪು ತಗೊಂಡ್ರೂ ಅದಕ್ಕೆ ಅವತ್ತಿಂದ್ಲೇ ಬಡ್ಡಿ. ಕನಿಷ್ಠ ಕಟ್ಟೋದು ಅಂದ್ರೆ ಸಾಲ ತೀರ್ಸೋದಲ್ಲ, ಸಾಲಕ್ಕೆ ಊಟ ಹಾಕೋದು. ಇನ್ನೆರಡು ವರ್ಷ ಹಿಂಗೇ ಮಾಡಿದ್ರೆ ಈ ಅಂಗಡಿ ಬಾಗಿಲು ನೀವು ಹಾಕ್ಬೇಕಾಗಿಲ್ಲ, ಅವರೇ ಬಂದು ಹಾಕ್ತಾರೆ.”

ಅಂದಿನಿಂದ ಮೂಲೆಯ ಯಂತ್ರದ ಕಡೆ ನೋಡಲು ಅಂಜಿಕೆಯಾಯಿತು. ಅದು ಸುಮ್ಮನೆ ಕೂತಿಲ್ಲ, ತಿನ್ನುತ್ತಿದೆ ಅನ್ನಿಸುತ್ತಿತ್ತು. ಸಿದ್ಧಾರ್ಥನಗರದ ನಮ್ಮ ಮನೆಗೆ ಬರುತ್ತಿದ್ದ ಬಿಲ್ಲು ನನ್ನ ಹೆಂಡತಿ ಮಂಗಳಳ ಕಣ್ಣಿಗೆ ಬೀಳಬಾರದೆಂದು ವಿಳಾಸವನ್ನು ಅಂಗಡಿಗೆ ಬದಲಾಯಿಸಿದೆ. ಅಪ್ಪ ಉಳಿಸಿದ ಅಂಗಡಿಯನ್ನು ಮಗ ಮಿಕ್ಸಿ ರಿಪೇರಿಗೆ ಕಳೆದ ಎಂದು ಅವಳ ಮುಂದೆ ಹೇಳುವುದಕ್ಕೆ ನನಗೆ ನಾಚಿಕೆ. ಆದರೆ ಸಮಾಧಾನವಾಗಲಿಲ್ಲ, ಏಕೆಂದರೆ ಆ ಹೊತ್ತಿಗೆ ಫೋನು ಶುರುವಾಗಿತ್ತು. ಸರಿಯಾಗಿ ಮೂರು ಗಂಟೆಗೆ, ರಸ್ತೆಯಲ್ಲಿ ಒಂದು ನೊಣವೂ ಇಲ್ಲದ ಹೊತ್ತಿನಲ್ಲಿ ಕರೆ ಬರುತ್ತಿತ್ತು. ಮೆತ್ತನೆಯ ಹೆಣ್ಣುದನಿ. ಹೆಸರು ನಿತ್ಯಾ ಅಂತೆ. ಒಂದು ದಿನವೂ ಗದರಿಸಿದವಳಲ್ಲ. “ಊಟ ಆಯ್ತಾ ಸರ್? ಅಂಗಡೀಲೇ ಇದ್ದೀರಲ್ವಾ? ಒಬ್ಬರೇ ಇದ್ದೀರಾ?” ಎಂದು ಕೇಳಿ, ಕೊನೆಯ ದಿನಾಂಕವನ್ನು ಜ್ಞಾಪಿಸುತ್ತಿದ್ದಳು. ನಾನು ಒಬ್ಬನೇ ಇದ್ದೇನೆಂದು ಅವಳಿಗೆ ಹೇಗೆ ಗೊತ್ತು ಎಂದು ನಾನು ಕುರ್ಚಿಯ ಹಿಂದೆ ನೋಡುತ್ತಿದ್ದೆ.

ಇಷ್ಟು ಹೇಳಿದ ಮೇಲೆ ವೈಶಾಖದ ಅಮಾವಾಸ್ಯೆಯ ದಿನ ನಡೆದದ್ದನ್ನು ಹೇಳಬಹುದು. ಅಂಗಡಿಯ ವಿಳಾಸಕ್ಕೆ ಬಂದ ಮೊದಲ ಬಿಲ್ಲನ್ನು ಮೇಜಿನ ಮೇಲಿದ್ದ ಕಂಬಿಗೆ ಚುಚ್ಚಿದ್ದೆ. ಹಳೆಯ ರಸೀದಿ, ಕರೆಂಟ್ ಬಿಲ್ಲು, ಬೇಡವಾದ ಕಾಗದಗಳೆಲ್ಲ ಆ ಕಂಬಿಯಲ್ಲೇ ಇರುತ್ತವೆ. ಮಧ್ಯಾಹ್ನ ಊಟದ ಡಬ್ಬಿ ಇಟ್ಟು ಹೋಗುವ ಮಂಗಳ ಅದರ ಕಡೆ ನೋಡುವವಳಲ್ಲ ಎಂದು ನನ್ನ ಧೈರ್ಯ. ಬೆಳಿಗ್ಗೆ ಬಂದು ಕಸ ಗುಡಿಸಿ, ಶೇಷಾದ್ರಿಗಳ ಜೊತೆ ಬೇಸಿಗೆಯ ನೀರಿನ ಬಗ್ಗೆ ಮಾತಾಡುತ್ತಾ ಪೂಜೆ ಮುಗಿಸಿದೆ. ಅವರು ಹೋದ ಮೇಲೆ, ಇನ್ನು ಮೂರೇ ದಿನ ಉಳಿದಿದೆಯಲ್ಲಾ ಎಂದು ಬಿಲ್ಲಿನ ಕಡೆ ನೋಡಿದರೆ, ಮೊತ್ತದ ಮೇಲೆಯೇ ನೇರಳೆ ಬಣ್ಣದಲ್ಲಿ ‘ಪಾವತಿಯಾಗಿದೆ’ ಎಂದು ಬಿದ್ದಿತ್ತು. ಶಾಯಿ ಇನ್ನೂ ಹಸಿಯಾಗಿತ್ತು. ಮೊದಲ ಅಕ್ಷರದ ಮೂಲೆಯಲ್ಲಿ ಚೂರು ಹಾರಿತ್ತು. ಗೂಡಿನ ಕಡೆ ತಿರುಗಿದೆ. ಸೀಲು ಅಲ್ಲೇ, ಹೊಸ ಕುಂಕುಮ ಇಟ್ಟುಕೊಂಡು ಕೂತಿತ್ತು. ಕುರ್ಚಿ ಒಮ್ಮೆ ಕಿರುಗುಟ್ಟಿತು. ನಾನು ಅದರಲ್ಲಿ ಕೂತಿರಲಿಲ್ಲ.

ಬಾಗಿಲು ಹಾಕದೆ ಓಡಿಹೋಗಿ ಶೇಷಾದ್ರಿಗಳನ್ನು ರಸ್ತೆಯ ತಿರುವಿನಲ್ಲಿ ಹಿಡಿದೆ. ನನ್ನ ಮೊಬೈಲನ್ನು ಅವರ ಕೈಗೆ ಕೊಟ್ಟು, ಬಾಕಿ ಎಷ್ಟಿದೆ ನೋಡಿ ಎಂದೆ. ಅವರು ಅಲ್ಲಿ ಇಲ್ಲಿ ಒತ್ತಿ, “ಸೊನ್ನೆ ಇದೆಯಲ್ರೀ! ನಿನ್ನೆ ಪೂರ್ತಿ ಕಟ್ಟಿಬಿಟ್ಟಿದ್ದೀರಿ. ಭೇಷ್” ಎಂದು ನನ್ನ ಬೆನ್ನು ತಟ್ಟಿದರು. ನಾನು ಕಟ್ಟಿರಲಿಲ್ಲ. ನನ್ನ ಹತ್ತಿರ ಅಂದು ಇದ್ದದ್ದು ಬಸ್ಸಿಗೆ ಸಾಕಾಗುವಷ್ಟು ಚಿಲ್ಲರೆ.

ಮನೆಗೆ ಹೋಗಿ ಮಂಗಳಳಿಗೆ ಹೇಳಬೇಕೆಂದುಕೊಂಡೆ. ಹೇಳಬೇಕಾದರೆ ಸಾಲದ ವಿಷಯದಿಂದ ಶುರುಮಾಡಬೇಕು. ಅಪ್ಪ ಬಂದು ಸೀಲು ಒತ್ತಿದರು ಎಂದು ಹೇಳುವ ಧೈರ್ಯ ನನಗಿತ್ತು, ನಾನು ಸಾಲ ಮಾಡಿದ್ದೇನೆ ಎನ್ನುವ ಧೈರ್ಯ ಇರಲಿಲ್ಲ. ಅವಳು ಮುಖ ನೋಡಿ, “ಯಾಕ್ರೀ, ಒಂಥರಾ ಇದ್ದೀರಿ?” ಎಂದಳು. “ಏನಿಲ್ಲ, ಅಪ್ಪನ ನೆನಪಾಯ್ತು” ಎಂದೆ. ಅವಳು ಏನೋ ಹೇಳಲು ಬಾಯಿ ತೆರೆದು, ಅನ್ನ ಬಡಿಸಿದಳು. ಅಪ್ಪ ಬದುಕಿದ್ದಾಗ ನನ್ನ ಸ್ಕೂಲ್ ಫೀಜು ಕಟ್ಟಿ ಬಂದು ಒಂದು ಮಾತೂ ಆಡದೆ ರಸೀದಿಯನ್ನು ನನ್ನ ಪುಸ್ತಕದೊಳಗೆ ಇಡುತ್ತಿದ್ದರು. ಆ ದಿನ ಊಟದ ಮುಂದೆ ಕೂತು ಅದನ್ನೇ ನೆನೆದು ಕಣ್ಣು ತುಂಬಿಬಂತು. ಭಯವೂ ಆಯಿತು, ಇಷ್ಟು ದೂರ ಬಂದು ಕಟ್ಟಿದರಲ್ಲಾ ಎಂದು ಸಂಕಟವೂ ಆಯಿತು. ಎರಡರ ನಡುವೆ ಒಂದು ಸಣ್ಣ ಖುಷಿ ಇತ್ತೆಂದು ಒಪ್ಪಿಕೊಳ್ಳುತ್ತೇನೆ.

ಆ ಖುಷಿಯಲ್ಲೇ ಕಾರ್ಡನ್ನು ಮತ್ತೆ ಹೊರತೆಗೆದೆ. ಒಂದು ತಿಂಗಳಲ್ಲಿ ಅಂಗಡಿಗೆ ಫ್ಯಾನು, ಶಾಯಿಯ ದೊಡ್ಡ ಡಬ್ಬ, ಆಷಾಢ ಶುಕ್ರವಾರ ಬೆಟ್ಟಕ್ಕೆ ಉಟ್ಟುಕೊಂಡು ಹೋಗಲೆಂದು ಮಂಗಳಳಿಗೆ ಒಂದು ರೇಷ್ಮೆ ಸೀರೆ. ಅವಳು ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು, “ವ್ಯಾಪಾರ ಚೆನ್ನಾಗ್ ಆಯ್ತಾ?” ಎಂದು ಕೇಳಿದಳು. “ದೇವರು ದೊಡ್ಡವನು” ಎಂದೆ. ಅಪ್ಪ ಅವನಿಗಿಂತ ದೊಡ್ಡವರು ಅಂತ ಹೇಳಲಿಲ್ಲ.

ಮಣ್ಣೆತ್ತಿನ ಅಮಾವಾಸ್ಯೆ ಬಂತು. ಅಂದು ಪೂಜೆ ಸ್ವಲ್ಪ ತಡವಾಗಿ, ಮೂರು ಗಂಟೆಯ ಹೊತ್ತಿಗೆ ನಡೆದಿತ್ತು. ಫೋನು ಬಡಿದುಕೊಂಡಿತು. ಹೆಗಲಿಗೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು, ಕಣ್ಣು ಚಾಮುಂಡೇಶ್ವರಿಯ ಮೇಲಿಟ್ಟು ನಿತ್ಯಾಳ ಜೊತೆ ಮಾತಾಡುತ್ತಿದ್ದೆ. ಅವಳು ಕೊನೆಯ ದಿನಾಂಕ ಹೇಳುತ್ತಿದ್ದವಳು ಇದ್ದಕ್ಕಿದ್ದಂತೆ ನಿಲ್ಲಿಸಿದಳು.

“ಸರ್, ಅಲ್ಲಿ ನಿಮ್ಮ ಜೊತೆ ಯಾರೋ ಇದ್ದಾರಾ?”

“ಇಲ್ಲವಲ್ಲಮ್ಮ.”

“ಈಗ ‘ಟಪ್’ ಅಂತ ಕೇಳಿಸ್ತಲ್ಲ ಸರ್. ಯಾರೋ ಸೀಲು ಹೊಡೆದ ಹಾಗೆ.”

ಫೋನು ಇಟ್ಟು, ಆರತಿ ಎತ್ತಿ, ಕಣ್ಣು ಮುಚ್ಚಿ ಗೊತ್ತಿದ್ದ ಮಂತ್ರಗಳನ್ನೆಲ್ಲ ಹೇಳಿದೆ. ಗೊತ್ತಿದ್ದದ್ದು ಎರಡೇ ಆದ್ದರಿಂದ ಅವನ್ನೇ ಸುತ್ತಿ ಸುತ್ತಿ ಹೇಳಿದೆ. ಕಣ್ಣು ಬಿಟ್ಟು ನೋಡಿದರೆ ಮೇಜಿನ ಮೇಲೆ ಆ ತಿಂಗಳ ಬಿಲ್ಲು, ಅದರ ಮೇಲೆ ಹಸಿಹಸಿ ನೇರಳೆ ಶಾಯಿ. ಪಾವತಿಯಾಗಿದೆ. ಫ್ಯಾನು ನಿಂತಿತ್ತು, ಆದರೂ ಕಾಗದ ಮಿಸುಕುತ್ತಿತ್ತು. ಈ ಸಲ ನಾನು ಶೇಷಾದ್ರಿಗಳ ಹಿಂದೆ ಓಡಲಿಲ್ಲ. ಅಪ್ಪನ ಮಾತಿಗೆ ಬ್ಯಾಂಕಿನಿಂದ ಸಾಕ್ಷಿ ಕೇಳುವುದು ಮರ್ಯಾದೆಯಲ್ಲ ಎಂದುಕೊಂಡೆ.

ಕೊನೆಯ ದಿನಾಂಕ ಕಳೆದ ಮೇಲೆ ನಿತ್ಯಾ ದಿನಕ್ಕೆರಡು ಸಲ ಕರೆಯತೊಡಗಿದಳು. “ಸರ್, ನಮ್ಮ ಸಿಸ್ಟಮ್ಮಲ್ಲಿ ಕಾಣ್ತಾ ಇಲ್ಲ” ಎನ್ನುತ್ತಿದ್ದಳು. “ಪಾವತಿಯಾಗಿದೆ ಕಣಮ್ಮ, ಸೀಲೇ ಬಿದ್ದಿದೆ. ನಿಮ್ಮ ಸಿಸ್ಟಮ್ಮು ಸರಿಮಾಡಿಕೊಳ್ಳಿ” ಎಂದು ನಾನು ದರ್ಪದಿಂದ ಹೇಳುತ್ತಿದ್ದೆ. ಎಷ್ಟೋ ತಿಂಗಳ ನಂತರ ನನ್ನ ದನಿಗೆ ಬಲ ಬಂದಿತ್ತು. ಮೂರನೆಯ ಬಿಲ್ಲು ಬಂದಾಗ ಲಕೋಟೆ ಒಡೆಯಲೂ ಹೋಗಲಿಲ್ಲ. ಹಾಗೇ ಕಂಬಿಗೆ ಚುಚ್ಚಿ, ಅಮಾವಾಸ್ಯೆಗೆ ಕಾದೆ.

ಅದು ಭೀಮನ ಅಮಾವಾಸ್ಯೆ. ನಮ್ಮಲ್ಲಿ ಅಂದು ಹೆಂಡತಿ ಗಂಡನ ಪಾದಪೂಜೆ ಮಾಡುತ್ತಾಳೆ. ಗಂಡ ಎನ್ನುವ ಪ್ರಾಣಿಗೆ ವರ್ಷಕ್ಕೊಂದು ದಿನ ಸಿಗುವ ಗೌರವ. ನಾನು ಸೀಲಿನ ಆತುರದಲ್ಲಿ ಬೆಳಿಗ್ಗೆಯೇ ಅಂಗಡಿಗೆ ಓಡಿಬಂದಿದ್ದೆ. ಹತ್ತು ಗಂಟೆಗೆ ಮಂಗಳ ತಟ್ಟೆ, ಚೊಂಬು, ಅರಿಶಿನದ ದಾರ, ಕಡುಬಿನ ಡಬ್ಬಿ ಎಲ್ಲ ಹೊತ್ತುಕೊಂಡು ಬಸ್ಸಿನಲ್ಲಿ ಬಂದಿಳಿದಳು.

“ಹಬ್ಬದ ದಿನ ಕಾಲು ತಗೊಂಡು ಓಡೋಗ್ಬುಟ್ರೆ ನಾನು ಯಾರ ಕಾಲು ತೊಳೀಲಿ? ಕೂತ್ಕೊಳ್ಳಿ, ಸುಮ್ನೆ” ಎಂದಳು.

ಅಪ್ಪನ ಕುರ್ಚಿಯಲ್ಲಿ ಕೂತೆ. ಅವಳು ಕೆಳಗೆ ಕೂತು ನನ್ನ ಪಾದ ತಟ್ಟೆಯಲ್ಲಿಟ್ಟು ನೀರು ಹಾಕತೊಡಗಿದಳು. ಗೂಡಿನಿಂದ ಇಳಿಸಿದ ಸೀಲನ್ನು ಆಗತಾನೆ ತೊಳೆದಿದ್ದೆ, ಕೈಯಲ್ಲಿ ಅರಿವೆ ಇತ್ತು. ಹಿಂದಿನ ಶುಕ್ರವಾರ ಬೆಟ್ಟದಲ್ಲಿ ಎಷ್ಟು ಜನ, ಬಸ್ಸಿಗೆ ಎಷ್ಟು ದೊಡ್ಡ ಸಾಲು, ಪ್ರಸಾದದ ಹತ್ತಿರ ಯಾರು ಯಾರನ್ನು ತಳ್ಳಿದರು ಎಂದು ನಾನು ಭರಾಟೆಯಿಂದ ವರ್ಣಿಸುತ್ತಿದ್ದೆ. ಅವಳು ಆಗಾಗ ನನ್ನ ಕಡೆ ನೋಡುತ್ತಾ ಕಾಲಿಗೆ ಅರಿಶಿನ ಹಚ್ಚುತ್ತಿದ್ದಳು. ‘ಟಪ್’ ಎಂದಿತು.

ಅವಳು ಅರಿಶಿನ ಹಚ್ಚುವುದನ್ನು ನಿಲ್ಲಿಸಿದಳು. “ಏನ್ರೀ ಅದು?”

“ನಿನಗೂ ಕೇಳಿಸ್ತಾ ಮಂಗಳಾ?” ಎಂದೆ. “ಅಪ್ಪ ಬಂದಿದ್ದಾರೆ ಕಣೇ.”

“ಯಾವಪ್ಪ? ಒತ್ತಿದ್ದು ನೀವು!”

“ನಾನಾ?”

“ಮತ್ತೆ? ನನ್ನ ಕಣ್ಣೆದುರಿಗೇ ಸೀಲು ಒರೆಸಿದ್ರಿ, ಶಾಯಿಗೆ ಅದ್ದಿದ್ರಿ, ಕಂಬಿಯಿಂದ ಲಕೋಟೆ ಎಳ್ಕೊಂಡು ಟಪ್ ಅಂತ ಒತ್ತಿ, ಗೂಡಲ್ಲಿ ಇಟ್ರಿ. ಬಾಯಿ ಮಾತ್ರ ಬೆಟ್ಟದಲ್ಲೇ ಇತ್ತು. ನೋಡ್ಕೊಳ್ಳಿ ಕೈನ.”

ನೋಡಿಕೊಂಡೆ. ಬಲಗೈ ಹೆಬ್ಬೆರಳು ನೇರಳೆಯಾಗಿತ್ತು. ಮೂವತ್ತು ವರ್ಷದಿಂದ ಅದು ನೇರಳೆಯಾಗಿಯೇ ಇದೆ. ಹಾಗಾಗಿ ಎರಡು ತಿಂಗಳು ದೆವ್ವವನ್ನು ಹುಡುಕಿದವನು ಅಲ್ಲಿ ಮಾತ್ರ ನೋಡಿರಲಿಲ್ಲ. ನೀರು ಮುಟ್ಟಿಸಿದ ಸೀಲನ್ನು ಒಮ್ಮೆ ಒತ್ತದೆ ಎತ್ತಿಡಬಾರದು. ಅಪ್ಪ ಹೇಳಿದ್ದನ್ನು ನಾನು ಮರೆತಿದ್ದೆ, ಕೈ ಮರೆತಿರಲಿಲ್ಲ. ಮಂಗಳ ಕಂಬಿಯಲ್ಲಿದ್ದ ಹಳೆಯ ಕಾಗದಗಳನ್ನೆಲ್ಲ ಎಳೆದು ಹರಡಿದಳು. ಅಮಾವಾಸ್ಯೆಗೊಂದರಂತೆ ಎಲ್ಲದರ ಮೇಲೂ ಅಪ್ಪನ ಸೀಲು. ಕರೆಂಟ್ ಬಿಲ್ಲು, ಪಾವತಿಯಾಗಿದೆ. ಶೇಷಾದ್ರಿಗಳ ಮೊಮ್ಮಗಳ ಲಗ್ನಪತ್ರಿಕೆ, ಅದೂ ಪಾವತಿಯಾಗಿದೆ.

“ಹಾಗಾದರೆ ವೈಶಾಖದಲ್ಲಿ ಕಟ್ಟಿದ್ದು ಯಾರು?” ಎಂದೆ. ಸೀಲು ಒತ್ತಿದವನು ನಾನಾದರೂ ದುಡ್ಡು ಕಟ್ಟಿದವನು ನಾನಲ್ಲವಲ್ಲ.

ಅವಳು ನನ್ನ ಪಾದಕ್ಕೆ ಹೂವಿಟ್ಟಳು. ಆಗ ಅವಳ ಕೈ ನೋಡಿದೆ. ಗಾಜಿನ ಬಳೆಗಳಿದ್ದವು. ಅವುಗಳ ನಡುವೆ ಇಪ್ಪತ್ತೆಂಟು ವರ್ಷದಿಂದ ಇದ್ದ ಎರಡು ಚಿನ್ನದ ಬಳೆ ಇರಲಿಲ್ಲ. ಅಕ್ಷರಗಳನ್ನು ತಲೆಕೆಳಗು ಮಾಡಿ ಓದಬಲ್ಲ, ಕೊಂಬು ಕಾಲು ಭಾಗ ಸವೆದರೂ ಗುರುತಿಸಬಲ್ಲ ನಾನು, ಎರಡು ತಿಂಗಳು ಅದೇ ಕೈಯಿಂದ ಅನ್ನ ಹಾಕಿಸಿಕೊಂಡು ಅದನ್ನು ಗಮನಿಸಿರಲಿಲ್ಲ.

“ಊಟ ತಂದಾಗ ಕಂಬಿಯಲ್ಲಿ ಬಿಲ್ಲು ನೋಡ್ದೆ. ಬಳೆ ಅಡ ಇಟ್ಟು ಪೂರ್ತಿ ಕಟ್ಬುಟ್ಟೆ. ಒಂದ್ಸಲ ಪೂರ್ತಿ ಕಟ್ಟಿದ್ರೆ ಬಡ್ಡಿ ನಿಲ್ಲುತ್ತಂತೆ, ಆಮೇಲೆ ನೀವು ಸಂಭಾಳಿಸ್ತೀರಿ ಅಂತ. ಮಾರನೇ ದಿನ ಬಿಲ್ಲಿನ ಮೇಲೆ ನೀವು ಸೀಲು ಒತ್ತಿದ್ದು ನೋಡ್ದೆ. ಓ, ಇವರಿಗೆ ಗೊತ್ತಾಗಿದೆ, ಬಾಯಿ ಬಿಟ್ಟು ಹೇಳೋಕೆ ನಾಚ್ಕೆ ಅಂದ್ಕೊಂಡು ಸುಮ್ಮನಾದೆ. ಸೀರೆ ತಂದಾಗ್ಲೂ ಅದಕ್ಕೇ ತಂದ್ರಿ ಅಂದ್ಕೊಂಡೆ.” ಅಲ್ಲಿಯವರೆಗೆ ಗಟ್ಟಿಯಾಗಿದ್ದವಳು ಸೀರೆಯ ಮಾತಿಗೆ ಬಂದಾಗ ಮುಖ ಆ ಕಡೆ ತಿರುಗಿಸಿದಳು. ಆ ಸೀರೆಯನ್ನೂ ನಾನು ಸಾಲದಲ್ಲಿ ತಂದಿದ್ದೆ ಎಂದು ಹೇಳುವ ಅಗತ್ಯವಿರಲಿಲ್ಲ. ಲಕೋಟೆ ಒಡೆದು ಓದಿದಳು. ಬಡ್ಡಿ, ತಡವಾದದ್ದಕ್ಕೆ ದಂಡ, ಬಡ್ಡಿಯ ಮೇಲೆ ತೆರಿಗೆ. ಬಳೆ ಇಟ್ಟು ಹೊರಗೆ ಹಾಕಿದ್ದೆಲ್ಲ ಬಾಗಿಲು ತಳ್ಳಿಕೊಂಡು ಮತ್ತೆ ಒಳಗೆ ಬಂದು ಕೂತಿತ್ತು. ನನಗೆ ಅಪ್ಪನ ದೆವ್ವ ಬಂದಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಪಾದದ ಮೇಲೆ ಹೂವಿಟ್ಟುಕೊಂಡು, ಎದ್ದು ಹೋಗಲೂ ಆಗದೆ, ದೇವರ ಹಾಗೆ ಕೂತಿದ್ದೆ. ಅಷ್ಟು ಅವಮಾನ ನನಗೆ ಹಿಂದೆಂದೂ ಆಗಿರಲಿಲ್ಲ.

ಮೂರು ಗಂಟೆಗೆ ನಿತ್ಯಾಳ ಫೋನು ಬಂದಾಗ ಮಂಗಳ ತಾನೇ ತೆಗೆದುಕೊಂಡಳು. “ಸೀಲು ಬಿದ್ದಿದೆ, ದುಡ್ಡು ಬಿದ್ದಿಲ್ಲ ಕಣಮ್ಮ. ಒಂದು ವಾರ ಕೊಡು” ಎಂದಳು. ಮೂಲೆಯಲ್ಲಿದ್ದ ಯಂತ್ರ ಅರ್ಧ ಬೆಲೆಗೆ ಮಂಡ್ಯಕ್ಕೆ ಹೋಯಿತು, ಅದರ ಹಿಂದೆ, ಪೆಟ್ರೋಲಿಗೆ ದುಡ್ಡಿಲ್ಲದೆ ಮನೆಯಲ್ಲೇ ನಿಂತಿದ್ದ ನನ್ನ ಹಳೆಯ ಸ್ಕೂಟರೂ ಹೋಯಿತು. ಪೂರ್ತಿ ಕಟ್ಟಿದೆವು. ಕಾರ್ಡನ್ನು ಮಂಗಳ ಅರಿಶಿನದ ದಾರ ಕತ್ತರಿಸುವ ಕತ್ತರಿಯಿಂದ ನಾಲ್ಕು ಮಾಡಿದಳು. ದಸರಾ ಹೊತ್ತಿಗೆ ಒಂದು ಬಳೆ ಬಿಡಿಸಿಕೊಂಡೆವು. ಇನ್ನೊಂದು ಇನ್ನೂ ಅಡದಲ್ಲಿದೆ, ಅದರ ಚೀಟಿ ಅಂಗಡಿಯ ಕಂಬಿಯಲ್ಲಿ ಎಲ್ಲಕ್ಕಿಂತ ಮೇಲೆ ಇದೆ. ಒಂದೇ ಬಳೆಯ ಸದ್ದು ಬೇರೆಯಾಗಿರುತ್ತದೆ. ಅದು ಕೇಳಿದಾಗಲೆಲ್ಲ ನನಗೆ ಇನ್ನೊಂದರ ಸದ್ದು ಕೇಳುತ್ತದೆ.

ಈಗ ಮಧ್ಯಾಹ್ನದ ಊಟ ತಂದಾಗ ಅವಳೂ ಅಂಗಡಿಯಲ್ಲೇ ನನ್ನ ಜೊತೆ ಕೂತು ಉಣ್ಣುತ್ತಾಳೆ, ನನ್ನ ಕೈ ಮೇಲೆ ಕಣ್ಣಿಡಲು. ಮೊನ್ನೆ ಅಮಾವಾಸ್ಯೆಯ ದಿನ ಸೀಲು ತೊಳೆದು, ಅವಳ ಎದುರಿಗೇ ಬಿಳಿಯ ಕಾಗದದ ಮೇಲೆ ಒತ್ತಿ, ಗೂಡಿನಲ್ಲಿಟ್ಟು, ಇಬ್ಬರೂ ಬಾಗಿಲ ಬಳಿ ನೆಲದ ಮೇಲೆ ಕೂತು ಮೊಸರನ್ನ ಉಣ್ಣುತ್ತಿದ್ದೆವು. ರಸ್ತೆ ಖಾಲಿ. ದೂರದಲ್ಲಿ ಬೆಟ್ಟ ಬಿಸಿಲಿಗೆ ಸುಮ್ಮನೆ ನಿಂತಿತ್ತು. ನಮ್ಮ ಬೆನ್ನ ಹಿಂದೆ, ಮೇಜಿನ ಹತ್ತಿರ, ‘ಟಪ್’ ಎಂದಿತು. ಸ್ವಲ್ಪ ಹೊತ್ತು ಬಿಟ್ಟು ಕುರ್ಚಿ ಕಿರುಗುಟ್ಟಿತು.

ನಾನು ನನ್ನ ಕೈ ನೋಡಿಕೊಂಡೆ. ಅದು ಮೊಸರನ್ನದಲ್ಲಿತ್ತು. ಅವಳ ಕೈ ನೋಡಿದೆ. ಅದೂ ಮೊಸರನ್ನದಲ್ಲಿತ್ತು. ಬಳೆಯ ಚೀಟಿ ಕಂಬಿಯ ಮೇಲಿದೆ ಎನ್ನುವುದು ಇಬ್ಬರಿಗೂ ಒಟ್ಟಿಗೇ ನೆನಪಾಗಿರಬೇಕು. ನಾನು ಏಳಲು ಹೋದೆ. ಅವಳು ತಿರುಗಿ ನೋಡದೆ ನನ್ನ ತಟ್ಟೆಗೆ ಇನ್ನೊಂದು ತುತ್ತು ಅನ್ನ ಹಾಕಿದಳು.

“ಉಣ್ಣಿ ಸುಮ್ನೆ. ಯಾರಾದ್ರೂ ಒತ್ಕೊಳ್ಳಲಿ. ಕಟ್ಟೋರು ನಾವೇ ತಾನೆ” ಎಂದಳು.

ಉಂಡೆ. ಕೈ ತೊಳೆಯುವಾಗ ಹೆಬ್ಬೆರಳನ್ನು ಎಷ್ಟು ಉಜ್ಜಿದರೂ ನೇರಳೆ ಹೋಗಲಿಲ್ಲ.